ಬೆಣ್ಣೆ ತಿಂದ ಬಿಳಿ ಇಲಿಗಳು

ಕೆಲವರ ಜಾತಕದಲ್ಲಿ ಶನಿ ಇರುತ್ತಾನೆ, ನನ್ನ ಜಾತಕದಲ್ಲಿ ಇಲಿ ಇತ್ತು. ಒಂದು ಎಡವಟ್ಟು ಮುಗಿಯಿತೆಂದು ಸೆರಗು ಕೊಡವಿ ಏಳುವಷ್ಟರಲ್ಲಿ ಅದರ ಬಾಲ ಹಿಡಿದುಕೊಂಡು ಇನ್ನೊಂದು ಬಂದು ನಿಂತಿರುತ್ತಿತ್ತು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ದಾವಣಗೆರೆಯ ಒಂದು ಕಾಲೇಜಿನಲ್ಲಿ ನಾನು ಡೆಮಾನ್‌ಸ್ಟ್ರೇಟರ್. ಹುಡುಗರಿಗೆ ಕಪ್ಪೆ ಕೊಯ್ಯುವುದನ್ನು ಕಲಿಸುವುದು, ಅವರು ತಲೆ ತಿರುಗಿ ಬಿದ್ದರೆ ನೀರು ಚಿಮುಕಿಸುವುದು, ಇಷ್ಟು ನನ್ನ ಕೆಲಸ. ನೌಕರಿ ಖಾಯಂ ಆಗಿರಲಿಲ್ಲ. ಆಗಲೇ ನಮ್ಮ ಪ್ರೊಫೆಸರರಿಗೆ ಸಂಶೋಧನೆಯ ಹುಚ್ಚು ಹತ್ತಿತು. ಹೇರಳೆಕಾಯಿ ಸಿಪ್ಪೆಯಿಂದ ಅವರು ಒಂದು ಕಹಿ ಪುಡಿ ತೆಗೆದಿದ್ದರು. ಬೆಣ್ಣೆ ತಿನ್ನಿಸಿದರೆ ಇಲಿಯ ಲಿವರಿನಲ್ಲಿ ಕೊಬ್ಬು ಸೇರುತ್ತದೆ, ಜೊತೆಗೆ ಈ ಪುಡಿ ಕೊಟ್ಟರೆ ಆ ಕೊಬ್ಬು ಕರಗುತ್ತದೆಯೇ ಎಂಬುದು ಅವರ ಪ್ರಶ್ನೆ. ಪುಸ್ತಕದಲ್ಲಿ ಲಿವರಿಗೆ ಪಿತ್ತಜನಕಾಂಗ ಅಂತ ಬರೆದಿತ್ತು. ಅದನ್ನು ಪೂರ್ತಿ ಉಚ್ಚರಿಸುವಷ್ಟರಲ್ಲಿ ಇಲಿ ಕೈತಪ್ಪಿ ಹೋಗುತ್ತಿದ್ದರಿಂದ ನಾವು ಲಿವರ್ ಎಂದೇ ಅನ್ನುತ್ತಿದ್ದೆವು.

ಫಲ ಚೆನ್ನಾಗಿ ಬಂದರೆ ನನ್ನ ನೌಕರಿ ಖಾಯಂ ಮಾಡುವುದಾಗಿ ಆಡಳಿತ ಮಂಡಳಿಯವರು ಒಪ್ಪಿದ್ದರು. ಮಂಡಕ್ಕಿ ಭಟ್ಟಿ ಇಟ್ಟುಕೊಂಡಿದ್ದ ನಮ್ಮ ಅಪ್ಪ ಅದನ್ನು ಕೇಳಿ ತಮ್ಮದೂ ಒಂದು ಕರಾರು ಹಾಕಿದರು. "ನೋಡವ್ವ, ಇಲಿ ಕೆಲಸದ ಫಲ ಗೊತ್ತಾಗೋತನಕ ನಾನು ಮದುವೆ ಮಾತಿಗೆ ಅವಸರ ಮಾಡಲ್ಲ. ಫಲ ಬಂತು, ನೌಕರಿ ಖಾಯಂ ಆತು ಅಂದ್ರೆ ನಿನ್ನ ದಾರಿ ನಿಂದು. ಫಲ ಕೆಟ್ಟು ಹೋತು ಅಂದ್ರೆ ನಾನು ತೋರಿಸಿದ ಹುಡುಗಗೆ ಹೂಂ ಅನ್ನು." ನಾನು ಒಪ್ಪಿದೆ. ನನಗೆ ನೌಕರಿ ಬೇಕಿತ್ತು. ಮದುವೆ ಬೇಡವೆಂದಲ್ಲ, ಆದರೆ ಕೈಯಲ್ಲಿ ಚಾಕು ಹಿಡಿದು ನಿಲ್ಲುವ ಸುಖ ಒಮ್ಮೆ ಹತ್ತಿದರೆ ಸೌಟಿನಲ್ಲಿ ಅದು ಸಿಗುವುದಿಲ್ಲ. ಹೀಗೆ ನನ್ನ ಇಡೀ ಬಾಳು ಇಲಿಗಳ ಹೊಟ್ಟೆಯೊಳಗೆ ಸೇರಿಕೊಂಡಿತು.

ಇಲಿಗೇನು ಬರವೆ

ಬಿಳಿ ಇಲಿಗಳು ಬೆಂಗಳೂರಿನಿಂದ ಲಾರಿಯಲ್ಲಿ ಬರಬೇಕಿತ್ತು. ಡ್ರೈವರು ದಾವಣಗೆರೆಯಲ್ಲಿ ದೋಸೆ ತಿಂದ, ಚಹಾ ಕುಡಿದ, ಎಲೆ ಅಡಿಕೆ ಹಾಕಿಕೊಂಡ, ಇಲಿಗಳನ್ನು ಇಳಿಸುವುದನ್ನು ಮಾತ್ರ ಮರೆತ. ಲಾರಿ ನೆಟ್ಟಗೆ ಹರಿಹರಕ್ಕೆ ಹೋಗಿ ಒಬ್ಬ ಸಾಹುಕಾರರ ಕಾಳಿನ ಗೋದಾಮಿನ ಮುಂದೆ ನಿಂತಿತು. ಹಮಾಲರು ಇದ್ದ ಮಾಲನ್ನೆಲ್ಲ ಇಳಿಸಿ ಒಳಗೆ ಇಟ್ಟರು. ಅದರಲ್ಲಿ ನಮ್ಮ ಪೆಟ್ಟಿಗೆಯೂ ಇತ್ತು.

ಸುದ್ದಿ ತಿಳಿದು ನಾನು ಮತ್ತು ನಮ್ಮ ಅಟೆಂಡರ್ ಬಸ್ಸು ಹತ್ತಿ ಹರಿಹರಕ್ಕೆ ಓಡಿದೆವು. ಸಾಹುಕಾರರು ಹಣೆ ತುಂಬ ವಿಭೂತಿ ಹಚ್ಚಿಕೊಂಡು ಗಾದಿಯ ಮೇಲೆ ಕೂತಿದ್ದರು. ಅವರ ಮುಂದೆ ನಮ್ಮ ಪೆಟ್ಟಿಗೆ, ಪೆಟ್ಟಿಗೆಯ ಎರಡು ಪಕ್ಕದಲ್ಲಿ ಅವರ ಎರಡು ಬೆಕ್ಕು. ಬೆಕ್ಕುಗಳ ಧ್ಯಾನ ನೋಡಿ ನಾನು ಮೊದಲು ಪೆಟ್ಟಿಗೆಯ ಚಿಲಕ ಮುಟ್ಟಿ ನೋಡಿದೆ.

ಸಾಹುಕಾರರಿಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಗಿತ್ತು. ಅಪ್ಪನ ಕಾಲದಿಂದ ಇಲಿ ಓಡಿಸುವುದರಲ್ಲೇ ತಮ್ಮ ಅರ್ಧ ಆಯುಷ್ಯ ಹೋಗಿದೆ, ಯಾರಾದರೂ ಬಾಡಿಗೆ ಕೊಟ್ಟು ಇಲಿ ತರಿಸುತ್ತಾರೆಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ ಎಂದರು. ಬೇಕಿದ್ದರೆ ತಮ್ಮ ಗೋದಾಮಿಗೆ ಬಂದು ಎಷ್ಟು ಬೇಕೋ ಅಷ್ಟು ಹಿಡಿದುಕೊಂಡು ಹೋಗಬಹುದಿತ್ತು, ಪುಣ್ಯವೂ ಬರುತ್ತಿತ್ತು ಎಂದರು. ನಾನು ವಿಜ್ಞಾನದ ಗತ್ತಿನಿಂದ, ಹಾಗೆ ಸಿಕ್ಕಸಿಕ್ಕ ಇಲಿ ನಡೆಯುವುದಿಲ್ಲ, ಇವು ಒಳ್ಳೆಯ ವಂಶದವು, ಇವುಗಳ ಅಪ್ಪ ಅಮ್ಮ ಅಜ್ಜ ಅಜ್ಜಿ ಯಾರೆಂದು ನಮಗೆ ಗೊತ್ತು ಎಂದೆ.

ಸಾಹುಕಾರರ ಮುಖ ಬಿಗಿಯಿತು. "ನಮ್ಮವೇನು ಬೀದಿಯಾಗೆ ಬಿದ್ದವಲ್ಲ ಬಿಡವ್ವ. ಮೂರು ತಲೆಮಾರಿಂದ ನಮ್ಮನೆ ಕಾಳು ತಿಂದ ಮನೆತನಸ್ಥ ಇಲಿ."

ಹೋಟೆಲಿನವರ ಅನುಮಾನ

ಬೇರೆ ಊರಾಗಿದ್ದರೆ ಪ್ರೊಫೆಸರರು ಇಲಿಗಳಿಗೆ ಎಣ್ಣೆಯನ್ನೋ ಡಾಲ್ಡಾವನ್ನೋ ಹಾಕುತ್ತಿದ್ದರು. ದಾವಣಗೆರೆಯಲ್ಲಿದ್ದುಕೊಂಡು ಬೆಣ್ಣೆ ಬಿಟ್ಟು ಬೇರೆ ಹಾಕಿದರೆ ಊರಿಗೇ ಅವಮಾನ ಎಂದು ಅವರ ಅಭಿಪ್ರಾಯ. ಹೀಗಾಗಿ ಅಟೆಂಡರ್ ದಿನಾ ಬೆಳಿಗ್ಗೆ ಪೇಟೆಗೆ ಹೋಗಿ, ಹಳ್ಳಿಯಿಂದ ಬೆಣ್ಣೆ ತರುವ ಹೆಂಗಸರನ್ನು ಹಿಡಿದು, ಮುಟ್ಟಿ ಮೂಸಿ ನೋಡಿ, ಒಳ್ಳೆಯ ಬೆಣ್ಣೆಯನ್ನೇ ಆರಿಸಿ ತರುತ್ತಿದ್ದ.

ಅದೇ ಬೆಣ್ಣೆಯ ಮೇಲೆ ಕಣ್ಣಿಟ್ಟಿದ್ದ ಒಬ್ಬ ದೋಸೆ ಹೋಟೆಲಿನವರಿಗೆ ಅನುಮಾನ ಬಂತು. ಯಾರೋ ಗುಟ್ಟಾಗಿ ಹೊಸ ಹೋಟೆಲು ತೆಗೆಯುತ್ತಿದ್ದಾರೆ ಎಂದು ಅವರು ಲೆಕ್ಕ ಹಾಕಿದರು. ಒಂದು ದಿನ ಅಟೆಂಡರನ ಹಿಂದೆಯೇ ನಡೆದುಬಂದು, ನಮ್ಮ ಪ್ರಯೋಗಶಾಲೆಯ ಬಾಗಿಲಲ್ಲಿ ಪ್ರತ್ಯಕ್ಷರಾದರು. ಹಂಚು ಎಲ್ಲಿದೆ, ಒಲೆ ಎಲ್ಲಿದೆ ಎಂದು ಅವರ ಕಣ್ಣು ಹುಡುಕುತ್ತಿತ್ತು. ಕಂಡದ್ದು ಬೆಣ್ಣೆ ಮೆತ್ತಿದ ಮೀಸೆ ನೆಕ್ಕಿಕೊಳ್ಳುತ್ತಿದ್ದ ಇಲಿಗಳು.

ಪ್ರೊಫೆಸರರಿಗೆ ಕೇಳುವವರು ಸಿಕ್ಕಿದ್ದೇ ಭಾಗ್ಯ. ಕೂರಿಸಿಕೊಂಡು ಎಲ್ಲ ವಿವರಿಸಿದರು. ಬೆಣ್ಣೆ ಹೆಚ್ಚಾದರೆ ಲಿವರ್ ಹೇಗೆ ಊದುತ್ತದೆ, ಹೇಗೆ ಹಳದಿಯಾಗುತ್ತದೆ ಎಂದು ಬಾಟಲಿಯಲ್ಲಿ ಹಾಕಿಟ್ಟಿದ್ದ ಒಂದನ್ನು ತೆಗೆದು ತೋರಿಸಿದರು. ಇದರ ಫಲವನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸುವವರಿದ್ದೇವೆ ಎಂದೂ ಹೇಳಿದರು. ಹೋಟೆಲಿನವರ ಹಣೆಯಲ್ಲಿ ಬೆವರು ಕಿತ್ತುಬಂತು. ಎದ್ದು ನಿಂತು ಕೈಮುಗಿದರು.

"ಸ್ವಾಮೇರ, ಅಚ್ಚು ಹಾಕಿಸ್ಬ್ಯಾಡ್ರಿ ಅನ್ನಲ್ಲ. ಹಾಕಿಸೋದಾದ್ರೆ ಇಂಗ್ಲಿಷಿನಾಗೆ ಹಾಕಿಸ್ರಿ. ಇಂಗ್ಲಿಷ್ ಬರೋರು ನನ್ನ ಹೋಟ್ಲಿಗೆ ಬರೋದು ಕಮ್ಮಿ."

ಸಿಪ್ಪೆ ಕಾಲೇಜಿಗೆ, ಉಳಿದದ್ದು ನಮಗೆ

ಪುಡಿ ತೆಗೆಯಲು ಬೇಕಾದದ್ದು ಹೇರಳೆಕಾಯಿಯ ಸಿಪ್ಪೆ ಮಾತ್ರ. ಕಡರನಾಯಕನಹಳ್ಳಿಯ ಒಬ್ಬ ರೈತರು ಚೀಲಗಟ್ಟಲೆ ಕಾಯಿ ತಂದು ಸುರಿದು ಹೋಗುತ್ತಿದ್ದರು. ಸಿಪ್ಪೆ ಹೆರೆದ ಮೇಲೆ ಬೋಳು ಕಾಯಿಗಳು ಮೇಜಿನ ತುಂಬ ಉಳಿಯುತ್ತಿದ್ದವು. ಪ್ರೊಫೆಸರರಿಗೆ ಯಾವುದನ್ನೂ ಎಸೆದು ಗೊತ್ತಿಲ್ಲ. ಸಂಜೆ ಮನೆಗೆ ಹೊರಟ ಪ್ರತಿಯೊಬ್ಬರ ಕೈಗೂ ಒಂದೊಂದು ಚೀಲ ಕೊಟ್ಟೇ ಕಳಿಸುತ್ತಿದ್ದರು. ಗಣಿತದ ಮೇಷ್ಟ್ರು ನಮ್ಮ ವರಾಂಡ ತಪ್ಪಿಸಿ ಮೈದಾನ ಸುತ್ತಿಕೊಂಡು ಗೇಟಿಗೆ ಹೋಗಲು ಶುರುಮಾಡಿದರು.

ನಮ್ಮ ಮನೆಯಲ್ಲಿ ಹೇರಳೆಕಾಯಿ ಚಿತ್ರಾನ್ನ, ಹೇರಳೆಕಾಯಿ ಗೊಜ್ಜು, ಹೇರಳೆಕಾಯಿ ಉಪ್ಪಿನಕಾಯಿ, ಹೇರಳೆಕಾಯಿ ಪಾನಕ. ಅಪ್ಪ ಪಾಪ ಬಾಯಿ ಬಿಡದೆ ಉಂಡರು. ಒಂದು ದಿನ ತಟ್ಟೆ ಮುಂದೆ ಕೂತು, ಇಷ್ಟೆಲ್ಲ ಯಾಕೆ ಮಾಡುತ್ತಿದ್ದೀರೆಂದು ತಾಳ್ಮೆಯಿಂದ ಕೇಳಿದರು. ಮೊದಲು ಬೆಣ್ಣೆ ಹಾಕಿ ಇಲಿಯ ಲಿವರ್ ಕೆಡಿಸುತ್ತೇವೆ, ಜೊತೆಗೆ ಪುಡಿ ಕೊಟ್ಟು ಅದು ಸರಿಹೋಗುತ್ತದೋ ನೋಡುತ್ತೇವೆ ಎಂದು ನಾನು ಬಿಡಿಸಿ ಹೇಳಿದೆ.

ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ವಾಪಸ್ಸು ಇಟ್ಟರು. "ನಮ್ಮ ಭಟ್ಟಿ ಹತ್ರ ಇರೋ ಸೈಕಲ್ ಶಾಪಿನೋನೂ ರಸ್ತೆಗೆ ತಾನೇ ಮೊಳೆ ಚೆಲ್ಲಿ ತಾನೇ ಪಂಚರ್ ಹಾಕ್ತಾನೆ. ಅವನಿಗೆ ಯಾರೂ ಪ್ರೊಫೆಸರ್ ಅನ್ನಲ್ಲ."

ಬೆಕ್ಕಿನ ಜಾಗಕ್ಕೆ ಹೆಣ್ಣು

ಅವಸರ ಮಾಡುವುದಿಲ್ಲ ಎಂದಿದ್ದ ಅಪ್ಪ, ನೋಡಿಕೊಂಡು ಹೋಗಲು ಏನು ತೊಂದರೆ ಎಂದು ಒಂದು ದಿನ ಹರಿಹರದಿಂದ ಬೀಗರನ್ನು ಕರೆಸಿಯೇಬಿಟ್ಟರು. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಹೊರಗೆ ಬಂದರೆ, ಪಡಸಾಲೆಯಲ್ಲಿ ಗೋದಾಮಿನ ಸಾಹುಕಾರರು ಕೂತಿದ್ದಾರೆ. ಪಕ್ಕದಲ್ಲಿ ಅವರ ಹೆಂಡತಿ, ಆಚೆ ತಲೆ ಬಗ್ಗಿಸಿಕೊಂಡ ಮಗ. ಹುಡುಗ ನಮ್ಮ ಮನೆಯ ಚಾಪೆಯನ್ನು ನೋಡಿದಷ್ಟು ಶ್ರದ್ಧೆಯಿಂದ ನನ್ನನ್ನು ನೋಡಲಿಲ್ಲ.

ಸಾಹುಕಾರರು ನನ್ನ ಗುರುತು ಹಿಡಿದರು. ಒಳ್ಳೆಯದೇ ಆಯಿತು ಅಂದುಕೊಂಡೆ. ಮನೆತನಸ್ಥ ಇಲಿಗಳಿಗೆ ಮಾಡಿದ ಅವಮಾನ ಮರೆತಿರಲಾರರು, ಇನ್ನೊಂದಿಷ್ಟು ಸೇರಿಸಿದರೆ ತಾವಾಗಿಯೇ ಎದ್ದು ಹೋಗುತ್ತಾರೆ ಎಂದು ಲೆಕ್ಕ ಹಾಕಿದೆ. ಕಾಲೇಜಿನಲ್ಲಿ ಏನು ಮಾಡುತ್ತೀಯವ್ವ ಎಂದು ಅವರ ಹೆಂಡತಿ ಕೇಳಿದ್ದೇ ತಡ, ಇಲಿಯನ್ನು ಹೇಗೆ ಅಂಗಾತ ಮಲಗಿಸುತ್ತೇನೆ, ಕಾಲುಗಳಿಗೆ ಹೇಗೆ ಗುಂಡುಸೂಜಿ ಚುಚ್ಚುತ್ತೇನೆ, ಎಲ್ಲಿಂದ ಎಲ್ಲಿಯವರೆಗೆ ಕೊಯ್ಯುತ್ತೇನೆ ಎಂದು ಕೈಸನ್ನೆ ಸಮೇತ ವರ್ಣಿಸಿದೆ. ಆ ತಾಯಿ ಉಪ್ಪಿಟ್ಟಿನ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟರು. ಹುಡುಗನ ಮುಖ ಚಾಪೆಗೆ ಇನ್ನೂ ಹತ್ತಿರವಾಯಿತು. ಅಪ್ಪ ನನ್ನನ್ನು ಕಣ್ಣಲ್ಲೇ ಸುಡುತ್ತಿದ್ದರು.

ಸಾಹುಕಾರರು ಮಾತ್ರ ಮುಂದಕ್ಕೆ ಸರಿದು ಕೂತರು. ಒಂದು ಇಲಿ ದಿನಕ್ಕೆ ಎಷ್ಟು ತಿನ್ನುತ್ತದೆ, ವರ್ಷಕ್ಕೆ ಎಷ್ಟು ಸಲ ಮರಿ ಹಾಕುತ್ತದೆ, ಗೂಡು ಎಲ್ಲಿ ಕಟ್ಟುತ್ತದೆ ಎಂದು ಒಂದರ ಮೇಲೊಂದು ಕೇಳಿದರು. ಗೊತ್ತಿದ್ದದ್ದನ್ನು ಹೇಳದೆ ಇರುವುದು ನನ್ನ ಜನ್ಮದಲ್ಲಿ ಸಾಧ್ಯವಾಗಿಲ್ಲ. ಹೇಳುತ್ತಾ ಹೋದೆ. ಅವರು ಉಪ್ಪಿಟ್ಟು ಖಾಲಿ ಮಾಡಿ ಇನ್ನಷ್ಟು ಹಾಕಿಸಿಕೊಂಡರು. ಕೊನೆಗೆ ನಮ್ಮ ಅಪ್ಪನ ಕಡೆ ತಿರುಗಿ, ಇಷ್ಟು ದಿನ ಬೆಕ್ಕು ನಂಬಿ ಕೆಟ್ಟೆ, ಇಲಿಯ ಒಳಹೊರಗು ಬಲ್ಲ ಸೊಸೆ ಮನೆಗೆ ಬಂದರೆ ಗೋದಾಮು ಉಳಿಯುತ್ತದೆ, ನಮ್ಮ ಕಡೆಯಿಂದ ಪೂರ್ತಿ ಒಪ್ಪಿಗೆ ಎಂದರು. ಇನ್ನು ಪ್ರಯೋಗದ ಫಲವೊಂದೇ ನನಗೂ ಆ ಗೋದಾಮಿಗೂ ನಡುವೆ ಉಳಿದದ್ದು.

ಹಾಡು, ಹಸೆ, ಅಡುಗೆ ನೋಡಿ ಹೆಣ್ಣು ಒಪ್ಪಿದ್ದು ಎಲ್ಲರೂ ಕೇಳಿದ್ದೇ. ಬೆಕ್ಕಿನ ಖಾಲಿ ಜಾಗಕ್ಕೆ ಆಯ್ಕೆಯಾದ ಹೆಣ್ಣು ಜಿಲ್ಲೆಗೆ ನಾನೊಬ್ಬಳೇ ಇರಬೇಕು.

ಮೂರು ಸಾಲು

ಇಲಿಗಳ ಗೂಡುಗಳನ್ನು ನಾವು ಮೂರು ಸಾಲಾಗಿ ಇಟ್ಟಿದ್ದೆವು. ಮೊದಲನೆಯ ಸಾಲಿಗೆ ಬರೀ ಜೋಳದ ಹಿಟ್ಟು. ಎರಡನೆಯದಕ್ಕೆ ಹಿಟ್ಟು ಮತ್ತು ಬೆಣ್ಣೆ. ಮೂರನೆಯದಕ್ಕೆ ಹಿಟ್ಟು, ಬೆಣ್ಣೆ ಮತ್ತು ಕಹಿ ಪುಡಿ. ಮೊದಲ ಸಾಲಿನ ಲಿವರ್ ಸಪೂರ, ಎರಡನೆಯ ಸಾಲಿನದು ದಪ್ಪ, ಮೂರನೆಯದು ಮತ್ತೆ ಸಪೂರ ಆದರೆ ನಾವು ಗೆದ್ದಂತೆ. ಆಹಾರ ಹಾಕುವ ಕೆಲಸ ಅಟೆಂಡರನದು. ಅವನು ಭಾನುವಳ್ಳಿಯವನು, ವಾರವೆಲ್ಲ ದಾವಣಗೆರೆಯಲ್ಲಿದ್ದು ಭಾನುವಾರ ಊರಿಗೆ ಹೋಗಿ ಬರುತ್ತಿದ್ದ. ಇಲಿಗಳಿಗೆ ಅವನ ಮೇಲೆ ಎಷ್ಟು ಪ್ರೀತಿ ಎಂದರೆ ಅವನ ತೋಳಿನ ಮೇಲೆ ಹತ್ತಿ ಹೆಗಲಲ್ಲಿ ಕೂರುತ್ತಿದ್ದವು. ನನ್ನ ಬೆರಳು ಕಂಡರೆ ಕಚ್ಚುತ್ತಿದ್ದವು. ಅವುಗಳದು ತಪ್ಪು ಅನ್ನುವಂತಿಲ್ಲ.

ತಿಂಗಳುಗಳು ಕಳೆದಂತೆ ಒಂದು ವಿಚಿತ್ರ ಕಂಡಿತು. ಬರೀ ಹಿಟ್ಟು ತಿನ್ನುವ ಮೊದಲ ಸಾಲಿನ ಇಲಿಗಳೂ ಉಳಿದವುಗಳಂತೆಯೇ ಮೈತುಂಬಿ ಮಿರಮಿರ ಮಿಂಚುತ್ತಿದ್ದವು. ನಾನು ಪ್ರೊಫೆಸರರಿಗೆ ತೋರಿಸಿದೆ. ಅವರು ಗಾಬರಿಯಾಗುವುದು ಬಿಟ್ಟು ಖುಷಿಯಾದರು. ಇದು ನಮ್ಮ ಸೀಮೆಯ ಎರೆಭೂಮಿ ಜೋಳದ ಗುಣ, ಲೋಕಕ್ಕೇ ಗೊತ್ತಿಲ್ಲದ ಸಂಗತಿ ಎಂದು ಆ ಜೋಳದ ಮೇಲೆ ಬೇರೆಯೇ ಒಂದು ಪ್ರಬಂಧ ಬರೆಯತೊಡಗಿದರು.

ಕೊನೆಗೆ ಪ್ರಯೋಗದ ಫಲ ನೋಡಿ ಹೇಳಲು ಆಡಳಿತ ಮಂಡಳಿಯವರು ಹೊರ ಊರಿನಿಂದ ಕರೆಸಿದ್ದ ಪರೀಕ್ಷಕರು ಬಂದರು. ವಯಸ್ಸಾದವರು, ಮಾತು ಕಡಿಮೆ. ಅವರ ಎದುರಿಗೇ ನಾನು ಪ್ರತಿ ಸಾಲಿನಿಂದ ಇಲಿಗಳನ್ನು ಆರಿಸಿ, ಕೊಯ್ದು, ಲಿವರುಗಳನ್ನು ತೂಗಿ, ಅವುಗಳ ಕೊಬ್ಬು ತೆಗೆದು ತೋರಿಸಿದೆ. ಮೂರು ಸಾಲಿನದೂ ಒಂದೇ ಬಣ್ಣ, ಒಂದೇ ತೂಕ, ಒಂದೇ ಕೊಬ್ಬು. ಪರೀಕ್ಷಕರು ಮತ್ತೆ ಮತ್ತೆ ನೋಡಿ, ಇವೆಲ್ಲ ಒಂದೇ ಸಾಲಿನ ಇಲಿಗಳೇ ಎಂದು ಕೇಳಿದರು. ಪ್ರೊಫೆಸರರು ಜೋಳದ ಗುಣ ಹೇಳಲು ಶುರುಮಾಡಿದರು. ಪರೀಕ್ಷಕರು ಕೈ ಎತ್ತಿ ನಿಲ್ಲಿಸಿದರು. ನನಗೆ ಕಣ್ಣು ಕತ್ತಲಿಟ್ಟಂತಾಯಿತು. ಕತ್ತಲಲ್ಲಿ ಹರಿಹರದ ಗೋದಾಮು, ಎರಡು ಬೆಕ್ಕು, ನಡುವೆ ನಾನು, ಎಲ್ಲ ಸ್ಪಷ್ಟವಾಗಿ ಕಂಡವು.

ಆಗ ಬಾಗಿಲಲ್ಲಿ ನಿಂತಿದ್ದ ಅಟೆಂಡರ್ ಎರಡು ಹೆಜ್ಜೆ ಒಳಗೆ ಬಂದ. ಇಷ್ಟು ದಿನ ಯಾರೂ ತನ್ನ ಕೆಲಸ ಗಮನಿಸಲಿಲ್ಲ, ಈಗ ದೊಡ್ಡವರೊಬ್ಬರು ಗಮನಿಸಿದರು ಎಂಬ ಹೆಮ್ಮೆ ಅವನ ಮುಖದಲ್ಲಿತ್ತು.

"ಎಲ್ಲಾ ಒಂದೇ ಥರ ಐತೆ ಅಂದ್ರಲ್ರಿ, ಅದು ನನ್ನ ಕೈಗುಣ ಸಾಹೇಬ್ರೆ. ಎದುರಾಬದುರಾ ಕೂಡಿಸಿ ಒಬ್ರಿಗೆ ಬೆಣ್ಣೆ, ಒಬ್ರಿಗೆ ಒಣ ಹಿಟ್ಟು ಹಾಕಿದ್ರೆ ಪಂಕ್ತಿಭೇದ ಆಗ್ತೈತೆ. ಮಠದಾಗೆ ದಾಸೋಹಕ್ಕೆ ಬಡಿಸಿದ ಕೈ ಇದು, ಅಂಥಾ ಪಾಪ ಮಾಡಾಕೆ ಬರಲ್ಲ. ಹಿಟ್ಟು, ಬೆಣ್ಣೆ, ಪುಡಿ ಎಲ್ಲಾ ಒಂದ್ರಾಗೆ ಕಲಸಿ ಮೂರು ಸಾಲಿಗೂ ಸಮಕ್ಕೆ ಸಮ ಹಾಕೀನಿ. ಪಾಪ ತಗುಲಿದ್ರೂ ನಮ್ಮ ಅಕ್ಕೋರಿಗೇ ತಗುಲ್ತಿತ್ತು, ಮದುವೆ ಆಗೋ ಹೆಣ್ಣುಮಗಳು."

ಪ್ರೊಫೆಸರರು ಕುರ್ಚಿ ಹುಡುಕಿ ಕೂತರು. ಕೈಯಲ್ಲಿದ್ದ ಜೋಳದ ಪ್ರಬಂಧವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಪರೀಕ್ಷಕರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು, ನಗುತ್ತಿದ್ದಾರೆಂದು ಅವರ ಭುಜ ನೋಡಿ ನನಗೆ ಗೊತ್ತಾಯಿತು. ಕಲಸಿದ್ದು ಮಿಕ್ಕರೆ ಏನು ಮಾಡುತ್ತಿದ್ದೆ ಎಂದು ಅವರು ಅವನನ್ನು ಕೇಳಿದರು. ಬಡಿಸಿದವನು ಕಡೆಗೆ ಉಣ್ಣಬೇಕಲ್ಲವೇ, ಮಿಕ್ಕಿದ್ದನ್ನು ತಾನೇ ಉಣ್ಣುತ್ತಿದ್ದೆ ಎಂದ. ಪುಡಿ ಕಹಿ ಇತ್ತು, ಆದರೆ ಬೆಣ್ಣೆಯ ಜೊತೆ ಅಷ್ಟು ಗೊತ್ತಾಗುತ್ತಿರಲಿಲ್ಲ ಎಂದೂ ಸೇರಿಸಿದ.

"ಹಾಗಾದರೆ ನಾಲ್ಕನೆಯ ಸಾಲೂ ಒಂದಿದೆ," ಎಂದರು ಪರೀಕ್ಷಕರು. "ಅದರ ಲಿವರ್ ಒಂದನ್ನು ನೋಡುವುದು ಬಾಕಿ."

ಅದು ತಮಾಷೆ ಎಂದು ನನಗೆ ಗೊತ್ತಾಯಿತು. ಪ್ರೊಫೆಸರರಿಗೆ ಗೊತ್ತಾಗಲಿಲ್ಲ. ಅವರು ಅಟೆಂಡರನ ಹೊಟ್ಟೆಯ ಕಡೆ ನೆಟ್ಟ ನೋಟದಲ್ಲಿ ನಿಜವಾದ ವಿಜ್ಞಾನಿಯ ಆಸೆ ಇತ್ತು. ಅಟೆಂಡರ್ ಅದನ್ನು ನೋಡಿದ. ಮರುದಿನ ಅವನು ಕೆಲಸಕ್ಕೆ ಬರಲಿಲ್ಲ.

ಪರೀಕ್ಷಕರು ಹೋಗುವ ಮುಂಚೆ ನನ್ನ ಬಗ್ಗೆ ಎರಡು ಒಳ್ಳೆಯ ಮಾತು ಹೇಳಿದ್ದರು. ಒಂದೇ ಆಹಾರ ತಿಂದ ಇಲಿಗಳ ಲಿವರ್ ಒಂದೇ ಥರ ಇದೆ ಎಂದು ಈ ಹುಡುಗಿ ತೋರಿಸಿದ್ದಾಳೆ, ಅಂದರೆ ಕೈಕೆಲಸ ಶುದ್ಧವಾಗಿದೆ, ಇಡೀ ಪ್ರಯೋಗವನ್ನು ಮೊದಲಿನಿಂದ ಇವಳೇ ಮಾಡಲಿ ಎಂದರು. ಅಪ್ಪ ಅದನ್ನು ಕೇಳಿ, ತೂಕವೇ ಆಗದ ಮಾಲಿಗೆ ಬೆಲೆ ಕಟ್ಟುವುದು ಹೇಗೆ, ಕರಾರು ಇನ್ನೂ ನಡೆಯುತ್ತಿದೆ ಎಂದು ವ್ಯಾಪಾರಸ್ಥನ ನ್ಯಾಯ ಹೇಳಿದರು. ನಾನು ಬದುಕಿದೆ ಅಂದುಕೊಂಡೆ. ಆದರೆ ಅಟೆಂಡರ್ ಇಲ್ಲದೆ ಇಲಿಗಳು ಹಿಟ್ಟು ಮುಟ್ಟಲೊಲ್ಲವು. ನನ್ನ ಬೆರಳುಗಳಿಗೆಲ್ಲ ಬಟ್ಟೆ ಸುತ್ತಿದ್ದಾಯಿತು. ಬದಲಿಗೆ ಬಂದ ಜವಾನ ಮಧ್ಯಾಹ್ನದೊಳಗೆ ಓಡಿಹೋದ. ಅಟೆಂಡರ್ ಈ ವಾರದಲ್ಲಿ ವಾಪಸ್ಸು ಬರದಿದ್ದರೆ ಇಲಿಮನೆಗೆ ಬೀಗ ಹಾಕಿಸುತ್ತೇನೆ ಎಂದು ಪ್ರೊಫೆಸರರು ಕೈಚೆಲ್ಲಿದರು. ಇಲಿಮನೆಗೆ ಬೀಗ ಬಿದ್ದರೆ ನನಗೆ ಗೋದಾಮಿನ ಬಾಗಿಲು ತೆರೆದಂತೆಯೇ.

ಹರಿಹರಕ್ಕೆ ಹೋಗಿ ಅಲ್ಲಿಂದ ಬಸ್ಸು ಬದಲಿಸಿ ಭಾನುವಳ್ಳಿಗೆ ಹೋದೆ. ಅಟೆಂಡರನ ಹೆಂಡತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. "ಬರ್ರಿ ಅಕ್ಕೋರೆ, ಕೂಡ್ರಿ," ಎಂದು ಚಾಪೆ ಹಾಸಿದಳು. ಗಂಡ ಎಲ್ಲಿ ಎಂದರೆ ಕಣ್ಣಿನಲ್ಲೇ ಅಟ್ಟದ ಕಡೆ ತೋರಿಸಿದಳು. ಸಾಹೇಬರು ಹೊಟ್ಟೆ ಕೊಯ್ಯುತ್ತಾರಂತೆ, ಬಂದಾಗಿನಿಂದ ಅಟ್ಟ ಇಳಿದಿಲ್ಲ, ಯಾಕೆ ಕೊಯ್ಯುತ್ತಾರೆಂದು ಕೇಳಿದರೆ ಬಾಯಿ ಬಿಡುತ್ತಿಲ್ಲ ಎಂದು ಕಣ್ಣೊರೆಸಿಕೊಂಡಳು.

ಅವಳ ಭಯ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಯಾರೂ ಕೊಯ್ಯುವುದಿಲ್ಲ, ಅದು ತಮಾಷೆಗೆ ಅಂದ ಮಾತು ಎಂದು ಸಮಾಧಾನ ಮಾಡಿದೆ. ಅವಳ ಮನಸ್ಸು ಹಗುರವಾಗಲಿ ಎಂದು, ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ. ಇಲಿಗಳಿಗೆ ಹಾಕಿ ಮಿಕ್ಕಿದ ಬೆಣ್ಣೆಹಿಟ್ಟನ್ನು ನಿನ್ನ ಗಂಡ ದಿನಾ ಉಂಡಿದ್ದಾನೆ, ಅಷ್ಟೇ ವಿಷಯ ಎಂದೆ.

ರೊಟ್ಟಿ ಬಡಿಯುವ ಸದ್ದು ನಿಂತಿತು.

"ಬೆಣ್ಣೆನಾ?" ಎಂದಳು. "ದಿನಾನೂ?"

ಅಟ್ಟದ ಮೇಲೆ ಏನೋ ಸರಿದಾಡಿತು.

"ನಾನು, ಮಕ್ಳು ಇಲ್ಲಿ ಒಣ ರೊಟ್ಟಿ ತಿಂತೀವಿ ಅಕ್ಕೋರೆ. ದಾವಣಗೇರ್ಯಾಗೆ ಹೊಟ್ಟೆತುಂಬ ಸಿಗಂಗಿಲ್ಲ ಅಂತ ಹೇಳಿ ಭಾನುವಾರ ಬಂದಾಗೆಲ್ಲ ನನ್ನ ಪಾಲಿನ ರೊಟ್ಟಿನೂ ಇವರೇ ಉಂಡು ಹೋಗೋರು. ಇಲಿಗೆ ಆದ್ರೆ ಪಂಕ್ತಿಭೇದ ಮಾಡಬಾರ್ದು ಅಂದ್ರು. ನಾವು ಯಾವ ಸಾಲಿನಾಗೆ ಕುಂತಿದ್ವಿ, ಕೇಳ್ರಿ ಅವರ್ನ."

ಕೇಳುವ ಅಗತ್ಯ ಬೀಳಲಿಲ್ಲ. ಅವಳು ಕೊರಡುಗಳ ರಾಶಿಯಿಂದ ಒಂದು ಸೌದೆಯನ್ನು ಆರಿಸಿ, ತೂಕ ನೋಡಿ, ಅದನ್ನು ಇಟ್ಟು ಇನ್ನೊಂದನ್ನು ಎತ್ತಿಕೊಳ್ಳುವಷ್ಟರಲ್ಲಿ ಅಟೆಂಡರ್ ಅಟ್ಟದಿಂದ ಧುಮುಕಿ, ಟವೆಲು ಹೆಗಲಿಗೆ ಹಾಕಿ, ನನಗಿಂತ ಮೊದಲು ಬೀದಿಯಲ್ಲಿದ್ದ. ನಾನು ಏದುಸಿರು ಬಿಡುತ್ತ ಹಿಂದೆ ಓಡಿದೆ. ಬಸ್ಸಿನಲ್ಲಿ ಕೂತ ಮೇಲೆ, ಸಾಹೇಬರ ಚಾಕುವಿನ ಭಯ ಹೋಯಿತೇ ಎಂದು ಕೇಳಿದೆ.

"ಭಯ ಐತ್ರಿ ಅಕ್ಕೋರೆ," ಎಂದ, ಕಿಟಕಿಯಿಂದ ಹಿಂದೆ ನೋಡುತ್ತ. "ಆದ್ರೂ ಸಾಹೇಬ್ರು ಮೊದ್ಲು ಮೂಗಿಗೆ ಔಷಧಿ ಹಿಡಿದು, ಎಚ್ಚರ ತಪ್ಪಿಸಿ, ಆಮ್ಯಾಲೆ ಕೊಯ್ತಾರೆ."